ಜಠರದ ಸೋಂಕು: ಬೀಜದ್ದೋ, ಬಟ್ಟಲಿನದೋ?



ಕೆಲವು ವರ್ಷಗಳ ಹಿಂದೆ ನಮ್ಮ ಚಿಕಿತ್ಸಾಲಯಕ್ಕೆ ಐವತ್ತರ ಆಸುಪಾಸಿನ ರೈತರೊಬ್ಬರು ಬರುತ್ತಿದ್ದರು. ಎದೆಗುಳಿಯ ಕೆಳಗೆ ಉರಿ, ಹುಳಿತೇಗು, ನಡುರಾತ್ರಿಯಲ್ಲಿ ಎಚ್ಚರಗೊಳಿಸುವ ನೋವು, ಏನಾದರೂ ತಿಂದರೆ ತುಸು ಶಮನ. ನಾವು ಅಮ್ಲಪಿತ್ತವೆಂದು ನಿಶ್ಚಯಿಸಿ ಅವಿಪತ್ತಿಕರ ಚೂರ್ಣ, ಕಾಮದುಘಾ, ಶತಾವರಿಗಳನ್ನು ಕೊಟ್ಟೆವು. ಖಾರ, ಹುಳಿ, ಚಹಾ, ತಂಬಾಕುಗಳನ್ನು ಬಿಡಿಸಿದೆವು. ನೋವು ಇಳಿಯುತ್ತಿತ್ತು, ತಿಂಗಳೆರಡು ತಿಂಗಳಿಗೆ ಮತ್ತೆ ಏರುತ್ತಿತ್ತು. ಅವರ ತಂದೆಗೂ ದೊಡ್ಡಪ್ಪನಿಗೂ ಇದೇ ವ್ಯಾಧಿ ಇದ್ದಿತಂತೆ. "ಇದು ನಮ್ಮ ಮನಿತನದ ಹೊಟ್ಟೀರಿ ಡಾಕ್ಟ್ರ, ಇದಕ್ಕ ಯಾರೇನ್ ಮಾಡಾಕ ಆಗತೈತ್ರಿ" ಎಂದು ಅವರು ನಗುತ್ತ ಹೇಳುತ್ತಿದ್ದರು. ನಾವೂ ತಲೆಯಾಡಿಸುತ್ತಿದ್ದೆವು.

ಒಂದು ವರ್ಷ ಹೀಗೆ ಕಳೆಯಿತು. ಒಂದು ದಿನ ಅವರಿಗೆ ಮಲವು ಡಾಂಬರಿನಂತೆ ಕಪ್ಪಾಗಿ ಹೋಯಿತು, ಕಣ್ಣು ಕತ್ತಲಿಟ್ಟಿತು. ಮನೆಯವರು ನಗರದ ಆಸ್ಪತ್ರೆಗೆ ಒಯ್ದರು. ಎಂಡೋಸ್ಕೋಪಿಯಲ್ಲಿ ಕಂಡದ್ದು ರಕ್ತ ಒಸರುತ್ತಿದ್ದ ಹುಣ್ಣು. ಅದರೊಡನೆ ಜಠರದ ಒಳಪೊರೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹದಿನಾಲ್ಕು ದಿನಗಳ ಔಷಧದಿಂದ ಆ ಸೂಕ್ಷ್ಮಾಣು ನಾಶವಾಯಿತು, ಹುಣ್ಣು ಮಾಯಿತು. ಅನಂತರ ಅವರ ಪತ್ನಿಯನ್ನೂ ಮಗನನ್ನೂ ಪರೀಕ್ಷಿಸಿದಾಗ ಇಬ್ಬರಲ್ಲಿಯೂ ಅದೇ ಸೋಂಕು ಇದ್ದಿತು. ಮಗನೇನೋ ಆ ಮನೆತನದ ರಕ್ತದವನು. ಪತ್ನಿ ಬೇರೆ ಮನೆತನದಿಂದ ಬಂದವಳು. "ಮನೆತನದ ಹೊಟ್ಟೆ" ಎಂಬ ಮಾತನ್ನು ನಾವು ಅಂದಿನಿಂದ ಬೇರೆ ಬಗೆಯಲ್ಲಿ ಆಲೋಚಿಸತೊಡಗಿದೆವು. ಒಂದು ವರ್ಷ ನಾವು ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ. ಆ ತಪ್ಪು ನಮ್ಮದು. ಈ ಲೇಖನಕ್ಕೆ ಅದೇ ಕಾರಣ.

ಪ್ರಶ್ನೆ ಇಷ್ಟೇ: ಒಂದು ಕುಲದಲ್ಲಿ, ಒಂದು ಜನಾಂಗದಲ್ಲಿ ಈ ಸೋಂಕು ಹೆಚ್ಚಾಗಿ ಕಂಡುಬಂದರೆ ಅದು ಬೀಜದಿಂದ ಬಂದುದೋ, ಬಟ್ಟಲಿನಿಂದ ಬಂದುದೋ? ಎಂದರೆ ತಂದೆತಾಯಿಯರ ವಂಶವಾಹಿಗಳಿಂದ ಬಂದ ದೌರ್ಬಲ್ಯವೋ, ಒಂದೇ ಮನೆಯಲ್ಲಿ ಒಟ್ಟಿಗೆ ಉಂಡು ಬೆಳೆದುದರ ಫಲವೋ? ಒಂದೇ ಊರಿನಲ್ಲಿ ಒಂದೇ ಬಗೆಯ ಜನರನ್ನು ನೋಡುತ್ತ ಕುಳಿತರೆ ಇದಕ್ಕೆ ಉತ್ತರ ದೊರೆಯುವುದಿಲ್ಲ. ಬೇರೆ ಬೇರೆ ಮೂಲದ ಜನರು ಒಂದೇ ನೆಲದಲ್ಲಿ, ಒಂದೇ ಹವೆಯಲ್ಲಿ, ಒಂದೇ ಸರಕಾರದ ಆಸ್ಪತ್ರೆಗಳ ನೆರಳಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ನಾಡು ಬೇಕು. ಅಂಥದೊಂದು ನಾಡು ಮಲೇಷ್ಯಾ. ನಮ್ಮ ದೇಶದಿಂದಲೇ ಹೋದವರ ಸಂತತಿ ಅಲ್ಲಿ ನೆಲಸಿರುವುದರಿಂದ ಆ ನಾಡಿನ ಅನುಭವವು ನಮಗೆ ದೂರದ್ದಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದಿಂದ ಮೊದಲ್ಗೊಂಡು, ಮಲಯಾದ ಕಬ್ಬು ಮತ್ತು ಕಾಫಿ ತೋಟಗಳಿಗೆ, ಬಳಿಕ ರಬ್ಬರ್ ತೋಟಗಳಿಗೆ ದಕ್ಷಿಣ ಭಾರತದಿಂದ ಕೂಲಿಕಾರರನ್ನು ಸಾಗಿಸಲಾಯಿತು. ಬಹುಪಾಲು ತಮಿಳರು, ತೆಲುಗರು, ಮಲಯಾಳಿಗಳು ಸ್ವಲ್ಪ ಸಂಖ್ಯೆಯಲ್ಲಿ, ಉತ್ತರದಿಂದ ಪಂಜಾಬಿಗಳು. ಕರಾರು ಕೂಲಿಯ ಪದ್ಧತಿ 1910ರಲ್ಲಿ ಕೊನೆಗೊಂಡಿತು. ಮೇಸ್ತ್ರಿಯ ಮೂಲಕ ಜನರನ್ನು ಕರೆದೊಯ್ಯುವ ಕಂಗಾಣಿ ಪದ್ಧತಿಯು ಆ ಬಳಿಕವೂ ನಡೆಯಿತು. ಭಾರತ ಸರಕಾರವು 1938ರಲ್ಲಿ ಅಂಥ ವಲಸೆಗೆ ತಡೆ ಹಾಕಿತು. ತೋಟದ ಸಾಲುಮನೆಗಳ ಇಕ್ಕಟ್ಟಿನಲ್ಲಿ ಇಡೀ ಸಂಸಾರವು ಒಂದು ಕೋಣೆಯಲ್ಲಿ ವಾಸಿಸುತ್ತಿತ್ತು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಆ ದೇಶದ ಪ್ರಜೆಗಳು. ಜನಸಂಖ್ಯೆಯ ನೂರರಲ್ಲಿ ಸುಮಾರು ಏಳು ಮಂದಿ. ಉಳಿದವರಲ್ಲಿ ಮಲಯರೇ ಬಹುಸಂಖ್ಯಾತರು. ಚೀನಾದಿಂದ ವಲಸೆ ಬಂದವರ ಸಂತತಿಯು ಅವರ ನಂತರದ ದೊಡ್ಡ ಸಮುದಾಯ.

ಈ ಮೂರು ಸಮುದಾಯಗಳ ಜಠರಗಳನ್ನು ಅಲ್ಲಿನ ವೈದ್ಯರು ಪರೀಕ್ಷಿಸಿದಾಗ ಕಂಡ ಸಂಗತಿ ಆಶ್ಚರ್ಯಕರವಾದುದು. 1990ರ ದಶಕದಲ್ಲಿ ಕೌಲಾಲಂಪುರದ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಅಜೀರ್ಣದ ತೊಂದರೆಯಿಂದ ಬಂದು ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಭಾರತೀಯ ಮೂಲದವರ ಪೈಕಿ ಸುಮಾರು ಐದರಲ್ಲಿ ಮೂವರಿಗೆ ಈ ಸೋಂಕು ಇದ್ದಿತು. ಚೀನೀ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ. ಮಲಯರಲ್ಲಿ ಐದರಲ್ಲಿ ಒಬ್ಬರಿಗೂ ಇರಲಿಲ್ಲ. ಈಶಾನ್ಯದ ಕೆಲಂತಾನ್ ರಾಜ್ಯದಲ್ಲಂತೂ ಮಲಯರಲ್ಲಿ ಸೋಂಕು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆಯೆಂದು ವರದಿಯಾಗಿದೆ. ಕೆಲಂತಾನ್ ಸಿರಿವಂತ ರಾಜ್ಯವಲ್ಲ. ಬಾವಿಯ ನೀರನ್ನೇ ನೆಚ್ಚಿದ ಮನೆಗಳು ಅಲ್ಲಿ ಬಹಳ. ವಿಷಮಶೀತಜ್ವರ, ಎಂದರೆ ಟೈಫಾಯ್ಡ್, ಅಲ್ಲಿ ಬಹುಕಾಲದಿಂದ ಬೇರೂರಿದ ರೋಗ. ಕೊಳಕು ನೀರು ಮಾತ್ರವೇ ಕಾರಣವಾಗಿದ್ದರೆ ಅಲ್ಲಿನ ಜಠರಗಳಲ್ಲಿಯೂ ಈ ಸೂಕ್ಷ್ಮಾಣು ತುಂಬಿರಬೇಕಾಗಿತ್ತು.

ಇದನ್ನು ಓದಿದ ಕೂಡಲೇ ಯಾರಿಗಾದರೂ ತೋರುವ ವಿವರಣೆ ಒಂದೇ: ಭಾರತೀಯರ ರಕ್ತದಲ್ಲಿಯೇ ಏನೋ ದೌರ್ಬಲ್ಯವಿದೆ, ಮಲಯರ ರಕ್ತದಲ್ಲಿ ಏನೋ ರಕ್ಷೆಯಿದೆ. ಆದರೆ ಹಾಗೆ ತೀರ್ಮಾನಿಸುವ ಮುನ್ನ ಸೂಕ್ಷ್ಮಾಣುವಿನ ಚರಿತ್ರೆಯನ್ನು ತಿಳಿಯಬೇಕು.

ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಈ ಸೂಕ್ಷ್ಮಾಣುವನ್ನು ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದರು. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಾಣುವೂ ಬದುಕಲಾರದೆಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಮಾರ್ಷಲ್ ಅವರು 1984ರಲ್ಲಿ ತಾವೇ ಆ ಸೂಕ್ಷ್ಮಾಣುಗಳ ದ್ರವವನ್ನು ಕುಡಿದು ಜಠರದ ಉರಿಯೂತವನ್ನು ತಂದುಕೊಂಡು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಮೊದಲ ವರ್ಗದಲ್ಲಿ ಸೇರಿಸಿತು. 2005ರಲ್ಲಿ ಆ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಸೂಕ್ಷ್ಮಾಣುವಿನ ಒಂದು ವಿಶೇಷವೇನೆಂದರೆ, ಅದು ಹೆಚ್ಚಾಗಿ ಬಾಲ್ಯದಲ್ಲಿಯೇ, ಮನೆಯೊಳಗೇ, ಬಹುಮಟ್ಟಿಗೆ ತಾಯಿಯಿಂದಲೂ ಒಡಹುಟ್ಟಿದವರಿಂದಲೂ ಅಂಟುತ್ತದೆ. ಚಿಕಿತ್ಸೆಯಾಗದಿದ್ದರೆ ಜೀವನಪರ್ಯಂತ ಉಳಿಯುತ್ತದೆ. ಹೀಗಾಗಿ ಅದು ವಂಶವಾಹಿಯಲ್ಲದಿದ್ದರೂ ವಂಶದ ದಾರಿಯಲ್ಲಿಯೇ ಸಾಗುತ್ತದೆ. ಮನುಷ್ಯರು ಸುಮಾರು 58,000 ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಹೊರಟಾಗಲೇ ಇದು ಅವರ ಹೊಟ್ಟೆಯಲ್ಲಿ ಜೊತೆಗೆ ಹೊರಟಿತೆಂದು 2007ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ಒಂದೊಂದು ಜನಸಮುದಾಯದ ಸೂಕ್ಷ್ಮಾಣುವಿಗೂ ಒಂದೊಂದು ಗುರುತು ಇರುತ್ತದೆ. ಲಡಾಖಿನಲ್ಲಿ ನೆರೆಹೊರೆಯಾಗಿ ಬಾಳುವ ಬೌದ್ಧರನ್ನೂ ಮುಸಲ್ಮಾನರನ್ನೂ ಅವರ ಜಠರದ ಸೂಕ್ಷ್ಮಾಣುಗಳಿಂದಲೇ ಪ್ರತ್ಯೇಕಿಸಬಹುದೆಂದು 2004ರ ಅಧ್ಯಯನವೊಂದು ತಿಳಿಸಿತು. ಮನೆಯ ಒಲೆ, ಮನೆಯ ಊಟ, ಮನೆಯ ಮಡಿಲು ಬೇರೆಯಾದಂತೆ ಸೂಕ್ಷ್ಮಾಣುವಿನ ಪೀಳಿಗೆಯೂ ಬೇರೆಯಾಯಿತು.

ಮಲೇಷ್ಯಾದಲ್ಲಿ ಇದೇ ವಿಧಾನವನ್ನು ಅನುಸರಿಸಿದಾಗ ಮಹತ್ವದ ಸಂಗತಿಯೊಂದು ಹೊರಬಂದಿತು. ಚೀನೀ ಮೂಲದವರಲ್ಲಿ ಪೂರ್ವ ಏಷ್ಯಾದ ಪೀಳಿಗೆಯ ಸೂಕ್ಷ್ಮಾಣು ಕಂಡಿತು; ಭಾರತೀಯ ಮೂಲದವರಲ್ಲಿ ಭಾರತದ್ದೇ ಪೀಳಿಗೆ. ಸೋಂಕು ತಗುಲಿದ ಮಲಯರಲ್ಲಿ ಅವರದೇ ಆದ ಪ್ರಾಚೀನ ಪೀಳಿಗೆ ಇರಬೇಕಾಗಿತ್ತಲ್ಲವೇ? ಹಾಗಿರಲಿಲ್ಲ. ಅವರಲ್ಲಿ ಹೆಚ್ಚಾಗಿ ಕಂಡದ್ದು ಭಾರತೀಯ ಪೀಳಿಗೆಯೇ. ಎಂದರೆ ಮಲಯರಿಗೆ ಈ ಸೂಕ್ಷ್ಮಾಣು ಇತ್ತೀಚೆಗೆ, ವಲಸೆಗಾರರ ಒಡನಾಟದಿಂದ ಬಂದುದೆಂದು ಸಂಶೋಧಕರು 2009ರಲ್ಲಿ ನಿರೂಪಿಸಿದರು. ಕೆಲಂತಾನಿನಲ್ಲಿ ಜನಸಂಖ್ಯೆಯ ಬಹುಭಾಗ ಮಲಯರೇ. ವಲಸೆಯ ಒಡನಾಟ ಅಲ್ಲಿ ಕಡಿಮೆ. ಅಲ್ಲಿನವರ ಜಠರವು ಸ್ವಚ್ಛವಾಗಿ ಉಳಿಯಲು ಸೂಕ್ಷ್ಮಾಣುವು ಅವರ ಮನೆಯ ಹೊಸ್ತಿಲನ್ನು ತಡವಾಗಿ ಮುಟ್ಟಿದ್ದೇ ಒಂದು ಮುಖ್ಯ ಕಾರಣವೆಂದು ತೋರುತ್ತದೆ. ನೀರು ಕೊಳಕಾಗಿದ್ದರೂ ಬಾರದಿದ್ದ ಅತಿಥಿಯನ್ನು ಅದು ಹೇಗೆ ತಂದೀತು?

ಇನ್ನೊಂದು ಲೆಕ್ಕವನ್ನೂ ಓದುಗರ ಮುಂದಿಡುತ್ತೇವೆ. ಕೌಲಾಲಂಪುರದಲ್ಲಿಯೇ ಎಂಡೋಸ್ಕೋಪಿಗೆ ಬಂದವರಲ್ಲಿ 1989–90ರಲ್ಲಿ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಜನರಿಗೆ ಇದ್ದ ಸೋಂಕು 1999–2000ದಲ್ಲಿ ಸುಮಾರು ಮೂವತ್ತಕ್ಕೆ, 2009–10ರಲ್ಲಿ ಸುಮಾರು ಹನ್ನೊಂದಕ್ಕೆ ಇಳಿಯಿತು. ಇಪ್ಪತ್ತು ವರ್ಷಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಮನೆಗಳು, ಕುಡಿಯುವ ನೀರು, ಕುಟುಂಬದ ಗಾತ್ರ ಮತ್ತು ಚಿಕಿತ್ಸೆ. ಬೀಜ ಅದೇ ಇದ್ದು ಬಟ್ಟಲು ಬದಲಾದಾಗ ಸೋಂಕು ಇಳಿದುದರಿಂದ, ಬಟ್ಟಲಿನ ಪಾಲು ಎಷ್ಟು ದೊಡ್ಡದೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಬೀಜದ ಪಾಲು ಏನೂ ಇಲ್ಲವೇ? ಇದೆ. ಅದನ್ನು ಅಲ್ಲಗಳೆಯುವುದೂ ಸತ್ಯಕ್ಕೆ ದೂರವಾದ ಮಾತು. ಸ್ವೀಡನ್ನಿನ ಅವಳಿಗಳನ್ನು ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿರಿ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ನೂರಕ್ಕೆ 81 ಜೋಡಿಗಳು ಸೋಂಕಿನ ವಿಷಯದಲ್ಲಿ ಪರಸ್ಪರ ಹೊಂದಿಕೆಯಾಗಿದ್ದವು. ಬೇರೆ ಅಂಡಗಳ ಅವಳಿಗಳಲ್ಲಿ 63. ಎರಡೂ ಬಗೆಯ ಅವಳಿಗಳು ಒಂದೇ ಮನೆಯಲ್ಲಿ ಬೆಳೆಯುವವರೇ. ಆದರೂ ಇರುವ ಈ ಅಂತರವು ಬೀಜದ ಪಾಲನ್ನು ಸೂಚಿಸುತ್ತದೆ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನೂ ಅದೇ ಅಧ್ಯಯನವು ಗಣನೆಗೆ ತೆಗೆದುಕೊಂಡಿತ್ತು.

ಬೀಜವು ಯಾವ ದಾರಿಯಿಂದ ಕೆಲಸ ಮಾಡುತ್ತದೆ? ನಮ್ಮ ದೇಹದ ಕೋಶಗಳ ಮೇಲೆ ಹೊರಗಿನ ಸೂಕ್ಷ್ಮಾಣುವನ್ನು ಗುರುತಿಸುವ ಕಾವಲುಗಾರರಿದ್ದಾರೆ. ವಿಜ್ಞಾನವು ಅವುಗಳನ್ನು ಟೋಲ್ ಮಾದರಿಯ ಗ್ರಾಹಕಗಳೆಂದು ಕರೆಯುತ್ತದೆ. ಈ ಕಾವಲುಗಾರರನ್ನು ರೂಪಿಸುವ ವಂಶವಾಹಿಗಳ ಒಂದು ಗುಂಪು ನಾಲ್ಕನೆಯ ವರ್ಣತಂತುವಿನಲ್ಲಿದೆ. ಅಲ್ಲಿನ ಸಣ್ಣ ವ್ಯತ್ಯಾಸವು ಸೋಂಕು ತಗುಲುವ ಸಾಧ್ಯತೆಯೊಡನೆ ಸಂಬಂಧ ಹೊಂದಿದೆಯೆಂದು ಜರ್ಮನಿ ಮತ್ತು ನೆದರ್ಲೆಂಡ್ಸಿನ ಜನರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವು 2013ರಲ್ಲಿ ತಿಳಿಸಿತು. ವರ್ಣತಂತುವಿನ ಅದೇ ಭಾಗವನ್ನು ಮಲೇಷ್ಯಾದ ರೋಗಿಗಳಲ್ಲಿ ನೋಡಿದ ಸಂಶೋಧಕರು, ಸೋಂಕು ಇದ್ದವರಲ್ಲಿ ಜಠರದ ಕ್ಯಾನ್ಸರಿನ ಅಪಾಯಕ್ಕೂ ಆ ವ್ಯತ್ಯಾಸಗಳಿಗೂ ನಂಟಿದೆಯೆಂದು 2015ರಲ್ಲಿ ವರದಿ ಮಾಡಿದರು. ಇದಕ್ಕೂ ಮುಂಚೆ, 2000ದಲ್ಲಿ, ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್ ಎಂಬ ವಸ್ತುವಿನ ವಂಶವಾಹಿಯಲ್ಲಿ ಇಂಥದೇ ವ್ಯತ್ಯಾಸವನ್ನು ಸ್ಕಾಟ್ಲೆಂಡ್ ಮತ್ತು ಪೋಲೆಂಡಿನ ಜನರಲ್ಲಿ ಕಂಡಿದ್ದರು. ಆದರೆ ಇವು ಯಾವುವೂ ವಿಧಿಲಿಖಿತಗಳಲ್ಲ. ಇವು ಸಾಧ್ಯತೆಯ ತಕ್ಕಡಿಯನ್ನು ಒಂದಿಷ್ಟು ವಾಲಿಸುತ್ತವೆ, ಅಷ್ಟೆ. ಸೂಕ್ಷ್ಮಾಣುವೇ ಬಾರದಿದ್ದರೆ ಬಾಗಿಲು ಸಡಿಲವಾಗಿದ್ದರೇನು, ಗಟ್ಟಿಯಾಗಿದ್ದರೇನು?

ಆಯುರ್ವೇದದ ವಿದ್ಯಾರ್ಥಿಗಳಾದ ನಮಗೆ ಈ ವಿವೇಕವು ಹೊಸದಲ್ಲ. ಸುಶ್ರುತ ಸಂಹಿತೆಯು ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸುವಾಗ ಮೊದಲನೆಯದಾಗಿ ಆದಿಬಲಪ್ರವೃತ್ತ ವ್ಯಾಧಿಗಳನ್ನು, ಎಂದರೆ ಶುಕ್ರಶೋಣಿತಗಳ ದೋಷದಿಂದ ಅನುಸರಿಸಿ ಬರುವವುಗಳನ್ನು ಹೇಳುತ್ತದೆ. ಅದಕ್ಕೆ ಉದಾಹರಣೆಯಾಗಿ ಕುಷ್ಠವನ್ನು ಹೆಸರಿಸುತ್ತದೆ. ಅದೇ ಗ್ರಂಥದ ನಿದಾನಸ್ಥಾನದಲ್ಲಿ ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗಗಳನ್ನು ಹೇಳುವಾಗ ಸ್ಪರ್ಶ, ನಿಃಶ್ವಾಸ, ಸಹಭೋಜನ, ಒಂದೇ ಹಾಸಿಗೆ ಮುಂತಾದ ದಾರಿಗಳನ್ನು ಎಣಿಸುತ್ತದೆ; ಅಲ್ಲಿಯೂ ಕುಷ್ಠವೇ ಮೊದಲು. ಒಂದೇ ರೋಗವನ್ನು ಆಚಾರ್ಯರು ಎರಡೂ ಪಟ್ಟಿಗಳಲ್ಲಿ ಇರಿಸಿದ್ದಾರೆ. ವಿದ್ಯಾರ್ಥಿ ದೆಸೆಯಲ್ಲಿ ನಮಗೆ ಇದು ವಿರೋಧಾಭಾಸದಂತೆ ತೋರಿತ್ತು. ಈಗ ಅದರ ಅರ್ಥ ಹೊಳೆಯುತ್ತದೆ. ರೋಗವು ಬಟ್ಟಲಿನಿಂದ ಬರಬಹುದು, ಬೀಜವು ಅದಕ್ಕೆ ಎಡೆಕೊಡಬಹುದು. ಒಂದನ್ನು ಒಪ್ಪಿದವನು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ. ಚರಕಾಚಾರ್ಯರೂ ಮನುಷ್ಯನ ಪ್ರಕೃತಿಯನ್ನು ನಿರ್ಧರಿಸುವಲ್ಲಿ ಜಾತಿ, ಕುಲ, ದೇಶ, ಕಾಲ, ವಯಸ್ಸುಗಳನ್ನು ಎಣಿಸಿ, ಕೊನೆಗೆ ಆಯಾ ವ್ಯಕ್ತಿಗೇ ವಿಶಿಷ್ಟವಾದುದನ್ನೂ ಸೇರಿಸಿದ್ದಾರೆ. ಕುಲವೊಂದನ್ನೇ ನೋಡಿ ಚಿಕಿತ್ಸೆ ಮಾಡೆಂದು ಅವರು ಹೇಳಲಿಲ್ಲ.

ಇಲ್ಲಿಯೇ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಜನಾಂಗದ ಹೆಸರಿನಲ್ಲಿ ಹೇಳುವ ರೋಗದ ಮಾತು ಎರಡು ಬಗೆಯ ಮೋಸಕ್ಕೆ ದಾರಿಮಾಡುತ್ತದೆ.

ಮೊದಲನೆಯದು ನಿರಾಶೆಯ ಮೋಸ. "ನಮ್ಮ ಮನೆತನವೇ ಹೀಗೆ" ಎಂದು ಕೈಕಟ್ಟಿ ಕೂರುವುದು. ನಮ್ಮ ರೈತ ಬಂಧುಗಳು ಮಾಡಿದ್ದು ಇದನ್ನೇ. ತಲೆಯಾಡಿಸಿದ ನಾವೂ ಅದಕ್ಕೆ ಪಾಲುದಾರರು. ಕುಲದಲ್ಲಿ ರೋಗವಿದೆಯೆಂಬುದು ಪರೀಕ್ಷೆಯನ್ನು ಬೇಗ ಮಾಡಿಸಲು ಕಾರಣವಾಗಬೇಕೇ ಹೊರತು ಬಿಡಲು ಕಾರಣವಾಗಬಾರದು.

ಎರಡನೆಯದು ಅಭಿಮಾನದ ಮೋಸ. ಇದು ಇನ್ನೂ ಅಪಾಯಕರ. ಮಲೇಷ್ಯಾದಲ್ಲಿ ಜಠರದ ಕ್ಯಾನ್ಸರ್ ಚೀನೀ ಮೂಲದವರಲ್ಲಿ ಹೆಚ್ಚು. ಭಾರತೀಯ ಮೂಲದವರಲ್ಲಿ ಸೋಂಕು ಎಲ್ಲರಿಗಿಂತ ಹೆಚ್ಚಾಗಿದ್ದರೂ ಕ್ಯಾನ್ಸರ್ ಅದಕ್ಕೆ ತಕ್ಕ ಪ್ರಮಾಣದಲ್ಲಿ ಇಲ್ಲ. ಭಾರತದಲ್ಲಿಯೂ ಇದೇ ಬಗೆಯ ಒಗಟು ಇದೆಯೆಂದು ವೈದ್ಯಲೋಕವು ಬಹುಕಾಲದಿಂದ ಚರ್ಚಿಸುತ್ತಿದೆ. ಪೂರ್ವ ಏಷ್ಯಾದ ಪೀಳಿಗೆಯ ಸೂಕ್ಷ್ಮಾಣುವಿನ ವಿಷಾಂಶವು ಹೆಚ್ಚು ಉಗ್ರವಾಗಿರುವುದು, ಉಪ್ಪಿನಲ್ಲಿ ಹಾಕಿಟ್ಟ ಆಹಾರದ ಬಳಕೆ, ದೇಹದ ಪ್ರತಿಕ್ರಿಯೆಯ ಭೇದ, ಇವೆಲ್ಲವನ್ನೂ ಕಾರಣಗಳಾಗಿ ಹೇಳಲಾಗುತ್ತದೆ. ಇದನ್ನು ಕೇಳಿದ ಕೆಲವರು "ನಮ್ಮ ಅರಿಸಿನ, ನಮ್ಮ ಮಜ್ಜಿಗೆ, ನಮ್ಮ ರಕ್ತ ನಮ್ಮನ್ನು ಕಾಯುತ್ತದೆ" ಎಂದು ಹೇಳಿಕೊಳ್ಳುವುದುಂಟು. ಸಭೆಗಳಲ್ಲಿ ನಮ್ಮ ಸಹೋದ್ಯೋಗಿಗಳೇ ಹೀಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದನ್ನು ನಾವು ಕೇಳಿದ್ದೇವೆ. ಆದರೆ ಮಿಜೋರಾಮ್ ರಾಜ್ಯದ ಐಜಾಲ್ ಕೂಡ ಭಾರತವೇ. ಅಲ್ಲಿ ಜಠರದ ಕ್ಯಾನ್ಸರಿನ ಪ್ರಮಾಣವು ದೇಶದಲ್ಲಿಯೇ ಅತಿ ಹೆಚ್ಚಿನದು. ಮಲೇಷ್ಯಾದ ದಾಖಲೆಯಲ್ಲಿ "ಭಾರತೀಯ" ಎಂಬ ಒಂದೇ ಪದದ ಕೆಳಗೆ ತಮಿಳನೂ ಪಂಜಾಬಿಯೂ ಸೇರಿದ್ದಾರೆ. ಆ ಪದವು ಕಚೇರಿಯ ಅನುಕೂಲಕ್ಕಾಗಿ ಮಾಡಿದ ವಿಂಗಡಣೆ. ಅದು ಒಬ್ಬ ರೋಗಿಯ ಜಠರದ ಚಿತ್ರವಲ್ಲ. ಕ್ಯಾನ್ಸರ್ ಕಡಿಮೆಯೆಂದಮಾತ್ರಕ್ಕೆ ಹುಣ್ಣು ಕಡಿಮೆಯೆಂದಲ್ಲ. ನಮ್ಮ ರೈತ ಬಂಧುಗಳು ಸಾವಿನ ಸಮೀಪಕ್ಕೆ ಹೋದದ್ದು ಹುಣ್ಣಿನಿಂದ.

ಸೋಂಕು ಇರುವ ಎಲ್ಲರೂ ಭಯಪಡಬೇಕಾಗಿಲ್ಲವೆಂಬುದನ್ನೂ ಇಲ್ಲಿಯೇ ಹೇಳುತ್ತೇವೆ. ಜಗತ್ತಿನ ಸುಮಾರು ಅರ್ಧದಷ್ಟು ಜನರ ಜಠರದಲ್ಲಿ ಇದು ವಾಸಿಸುತ್ತ ಬಂದಿದೆ. ಅವರಲ್ಲಿ ಹೆಚ್ಚಿನವರಿಗೆ ಯಾವ ಬಾಧೆಯೂ ಇಲ್ಲ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ಹುಣ್ಣಾಗಬಹುದು. ಒಂದರಿಂದ ಮೂರು ಮಂದಿಗೆ ಕ್ಯಾನ್ಸರ್ ಆಗಬಹುದು. ಯಾರಿಗೆ ಎಂಬುದನ್ನು ಬೀಜದ ಪರೀಕ್ಷೆಯೊಂದರಿಂದ ಹೇಳಲು ಇಂದಿಗೂ ಸಾಧ್ಯವಿಲ್ಲ. ಉಗುಳನ್ನು ಕಳಿಸಿದರೆ ನಿಮ್ಮ ಹೊಟ್ಟೆಯ ಭವಿಷ್ಯ ಹೇಳುತ್ತೇವೆಂದು ಜಾಹೀರಾತು ಕೊಡುವವರಿಗೆ ಹಣ ತೆರಬೇಡಿರಿ. ಅದಕ್ಕಿಂತ ಸುಲಭವೂ ಉಪಯುಕ್ತವೂ ಆದ ಪರೀಕ್ಷೆಗಳಿವೆ: ಉಸಿರಿನ ಮೂಲಕ ಮಾಡುವ ಯೂರಿಯಾ ಪರೀಕ್ಷೆ, ಮಲದಲ್ಲಿ ಸೂಕ್ಷ್ಮಾಣುವಿನ ಅಂಶವನ್ನು ಹುಡುಕುವ ಪರೀಕ್ಷೆ, ಅಗತ್ಯವಿದ್ದಲ್ಲಿ ಎಂಡೋಸ್ಕೋಪಿ. ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ ಮಾತ್ರೆಗಳನ್ನು ನುಂಗುತ್ತಿರುವವರು ವೈದ್ಯರ ಸಲಹೆಯಂತೆ ಎರಡು ವಾರ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಇರುವ ಸೂಕ್ಷ್ಮಾಣುವೂ ಇಲ್ಲವೆಂದು ಬರಬಹುದು. ಔಷಧದಂಗಡಿಯಲ್ಲಿ "ಗ್ಯಾಸಿನ ಗುಳಿಗೆ" ಎಂದು ಕೇಳಿ ವರ್ಷಗಟ್ಟಲೆ ನುಂಗುವ ನಮ್ಮ ಜನರಿಗೆ ಈ ಮಾತು ಮುಖ್ಯವಾದುದು.

ಯಾರು ಪರೀಕ್ಷೆ ಮಾಡಿಸಬೇಕು? ವಾರಗಟ್ಟಲೆ ಮೇಲ್ಹೊಟ್ಟೆಯ ನೋವು ಮರುಕಳಿಸುವವರು. ಹುಣ್ಣಿನ ಚರಿತ್ರೆ ಇದ್ದವರು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದವರು. ಕೀಲುನೋವಿಗೆಂದು ನೋವುನಿವಾರಕ ಮಾತ್ರೆಗಳನ್ನು ದೀರ್ಘಕಾಲ ಸೇವಿಸಬೇಕಾದವರು. ಕಾರಣ ತಿಳಿಯದ ರಕ್ತಹೀನತೆ ಉಳ್ಳವರು. ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ತಾನಾಗಿ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಚೂರ್ಣ ಕಷಾಯಗಳಿಗಾಗಿ ನಮ್ಮಂಥವರ ಬಾಗಿಲಿಗೆ ಬರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಸೋಂಕು ದೃಢಪಟ್ಟ ಮೇಲೆ ಚಿಕಿತ್ಸೆಯ ಮಾತು. ಆಯುರ್ವೇದ ವೈದ್ಯರಾಗಿ ದಶಕಗಳ ಕಾಲ ಚಿಕಿತ್ಸೆ ಮಾಡಿದ ನಾವು ಹೇಳುತ್ತೇವೆ: ಈ ಸೂಕ್ಷ್ಮಾಣುವನ್ನು ಜಠರದಿಂದ ನಿಶ್ಶೇಷವಾಗಿ ತೊಲಗಿಸುವುದು ಪ್ರತಿಜೀವಕಗಳ ಕೆಲಸ. ಅದಕ್ಕೆ ಬದಲಾಗಿ ನಿಲ್ಲಬಲ್ಲ ಚೂರ್ಣ ನಮ್ಮ ಪೆಟ್ಟಿಗೆಯಲ್ಲಿ ಇಲ್ಲ. "ನಿಮ್ಮ ಔಷಧದಿಂದ ಗುಣವಾದವರು ಎಷ್ಟೋ ಜನರಿದ್ದಾರಲ್ಲ" ಎಂದು ಕೇಳುವವರಿದ್ದಾರೆ. ಉರಿ ಶಮನವಾದವರು ಇದ್ದಾರೆ; ಆದರೆ ಉರಿ ಶಮನವಾಗುವುದು ಬೇರೆ, ಉರಿಯ ಕಾರಣ ಹೋಗುವುದು ಬೇರೆ. ಹೊಗೆಯನ್ನು ಬೀಸಿ ಓಡಿಸಿದರೆ ಕೆಂಡ ಆರುವುದಿಲ್ಲ. ನಿದಾನಪರಿವರ್ಜನವೇ, ಎಂದರೆ ರೋಗದ ಕಾರಣವನ್ನು ತೊಲಗಿಸುವುದೇ, ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ಕಾರಣವು ಸೂಕ್ಷ್ಮಾಣುವೆಂದು ತಿಳಿದ ಮೇಲೆ ಅದನ್ನು ತೊಲಗಿಸಬಲ್ಲವರ ಬಳಿಗೆ ರೋಗಿಯನ್ನು ಕಳಿಸುವುದು ಆಯುರ್ವೇದಕ್ಕೆ ಸೋಲಲ್ಲ, ಆಯುರ್ವೇದದ ಪಾಲನೆಯೇ ಆಗಿದೆ.

ಪ್ರತಿಜೀವಕಗಳನ್ನು ಬಲ್ಲ ವೈದ್ಯರು ಬರೆದುಕೊಟ್ಟಂತೆ, ಸಾಮಾನ್ಯವಾಗಿ ಹದಿನಾಲ್ಕು ದಿನ, ಒಂದು ಹೊತ್ತೂ ತಪ್ಪದೆ ಸೇವಿಸಬೇಕು. ನಾಲ್ಕು ದಿನಕ್ಕೆ ನೋವು ನಿಂತಿತೆಂದು ಬಿಟ್ಟರೆ ಬಲಿಷ್ಠ ಸೂಕ್ಷ್ಮಾಣುಗಳು ಉಳಿದು, ಮುಂದೆ ಅದೇ ಔಷಧಕ್ಕೆ ಮಣಿಯುವುದಿಲ್ಲ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್, ಕ್ಲಾರಿತ್ರೊಮೈಸಿನ್‌ಗಳಂಥ ಔಷಧಗಳು ಅನೇಕ ರೋಗಿಗಳಲ್ಲಿ ನಿಷ್ಫಲವಾಗುತ್ತಿರುವುದಕ್ಕೆ ಕಂಡಕಂಡ ಭೇದಿಗೆ, ಜ್ವರಕ್ಕೆ ಅವುಗಳನ್ನು ಅಂಗಡಿಯಿಂದ ತಂದು ನುಂಗಿದ್ದೇ ದೊಡ್ಡ ಕಾರಣ. ಔಷಧ ಮುಗಿದು ನಾಲ್ಕು ವಾರಗಳಾದ ಮೇಲೆ ಸೋಂಕು ಹೋಯಿತೇ ಎಂದು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಇದಾದ ಬಳಿಕ ಅಗ್ನಿಯನ್ನು ಸಮಸ್ಥಿತಿಗೆ ತರುವ, ಪಥ್ಯವನ್ನು ಕಲಿಸುವ, ದಿನಚರಿಯನ್ನು ತಿದ್ದುವ ಕೆಲಸದಲ್ಲಿ ಆಯುರ್ವೇದಕ್ಕೆ ತನ್ನ ಸ್ಥಾನ ಇದ್ದೇ ಇದೆ.

ಕೊನೆಯದಾಗಿ ಮನೆಯ ಮಾತು. ಮಗುವಿಗೆ ತುತ್ತನ್ನು ತಾನು ಅಗಿದು ಕೊಡುವ, ತನ್ನ ಬಾಯಲ್ಲಿಟ್ಟು ಬಿಸಿ ನೋಡಿದ ಚಮಚವನ್ನೇ ಮಗುವಿನ ಬಾಯಿಗಿಡುವ ವಾಡಿಕೆಯನ್ನು ತಾಯಂದಿರೂ ಅಜ್ಜಿಯರೂ ಬಿಡಬೇಕು. ಅದು ಮಮತೆಯೇ; ಆದರೆ ಆ ಮಮತೆಯೊಡನೆ ಸೂಕ್ಷ್ಮಾಣುವೂ ದಾಟುತ್ತದೆ. ಶೌಚದ ನಂತರ, ಅಡುಗೆಗೆ ಮೊದಲು, ಊಟಕ್ಕೆ ಮೊದಲು ಸಾಬೂನಿನಿಂದ ಕೈತೊಳೆಯುವುದು, ಕುದಿಸಿ ಆರಿಸಿದ ನೀರು, ಎಂಜಲು ಲೋಟವನ್ನು ಹಂಚಿಕೊಳ್ಳದಿರುವುದು, ಇವು ಸಣ್ಣ ಮಾತುಗಳಂತೆ ತೋರಬಹುದು. ಪಂಕ್ತಿಯಲ್ಲಿ ಕುಳಿತು ಒಟ್ಟಿಗೆ ಉಣ್ಣುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತೊಳೆದ ಕೈ, ಶುದ್ಧ ನೀರು, ಅವರವರ ತಟ್ಟೆ ಇದ್ದರೆ ಸಾಕು. ಮನೆಯಲ್ಲಿ ಒಬ್ಬರಿಗೆ ಹುಣ್ಣಿನೊಡನೆ ಸೋಂಕು ಕಂಡರೆ ಉಳಿದವರನ್ನೂ ಪರೀಕ್ಷಿಸುವ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು.

ರಬ್ಬರ್ ತೋಟದ ಸಾಲುಮನೆಗೆ ಹಡಗಿನಲ್ಲಿ ಹೋದ ತಾಯಿಯೊಬ್ಬಳು ತನಗರಿವಿಲ್ಲದೆ ಈ ಸೂಕ್ಷ್ಮಾಣುವನ್ನು ತನ್ನೊಡನೆ ಒಯ್ದಳು. ತನ್ನ ಮಗುವಿಗೆ ಕೊಟ್ಟಳು. ಆ ಮಗು ತನ್ನ ಮಗುವಿಗೆ ಕೊಟ್ಟಿತು. ಅದನ್ನು ಲೋಕವು ಆ ಜನಾಂಗದ ರಕ್ತದ ಗುಣವೆಂದು ಭ್ರಮಿಸಲು ಎಷ್ಟು ಹೊತ್ತು? ಆದರೆ ಮನೆಗಳು ಬದಲಾದಾಗ, ಚಿಕಿತ್ಸೆ ದೊರೆತಾಗ, ಎರಡೇ ದಶಕಗಳಲ್ಲಿ ಆ ಸರಪಳಿ ಸಡಿಲವಾಯಿತು. ರಕ್ತವನ್ನು ಬದಲಿಸಲು ನಮ್ಮಿಂದಾಗದು. ಬಟ್ಟಲನ್ನು ತೊಳೆಯಲು ಆಗುತ್ತದೆ. ನಮ್ಮ ರೈತ ಬಂಧುಗಳ ಮನೆಯಲ್ಲಿ ಈಗ ಮೊಮ್ಮಗುವಿದೆ. ಆ ಮಗುವಿನ ತಂದೆಯೂ ಅಜ್ಜ ಅಜ್ಜಿಯರೂ ಚಿಕಿತ್ಸೆ ಪಡೆದು ಸೋಂಕಿಲ್ಲದವರಾಗಿದ್ದಾರೆ. ಕಳೆದ ಸಲ ಬಂದಾಗ ಅವರು "ಮನಿತನದ ಹೊಟ್ಟಿ ನನ್ನ ಕಾಲಕ್ಕ ಮುಗೀತ್ರಿ ಡಾಕ್ಟ್ರ" ಎಂದರು. ಈ ಬಾರಿ ನಾವು ಮನಃಪೂರ್ವಕವಾಗಿ ತಲೆಯಾಡಿಸಿದೆವು.